ಬೆಳಕಿನ ಚಿತ್ರಗಳಿಂದ ಪಾಠ

ಪೂರ್ವದಲ್ಲಿ ಮಿಷನರಿಗಳು ಗಾಜಿನ ಮೇಲಣ ಚಿತ್ರಗಳನ್ನು ಮ್ಯಾಜಿಕ್ ಲ್ಯಾಂಟರ್ನಿನ ದೀಪದಿಂದ ಬಿಳಿಯ ಬಟ್ಟೆಯ ಮೇಲೆ ಬೀಳಿಸಿ ಹಳ್ಳಿಗರಿಗೆ ಬೋಧಿಸುತ್ತಿದ್ದರು. ಚಿತ್ರವು ತೋರಿಸುತ್ತಿತ್ತು, ಬಾಯಿ ವಿವರಿಸುತ್ತಿತ್ತು. ಈಗಿನ ಪ್ರೊಜೆಕ್ಟರಿಗೂ ಇದೇ ನಿಯಮವು ಸಲ್ಲತಕ್ಕದ್ದು.

ಉದಾಹರಣೆಗೆ, ಎನ್. ಬೇಗೂರಿನ ಹೆಣ್ಣುಮಕ್ಕಳಿಗೆ ಕಬಿನಿಯೆನ್ನುವ ಕಪಿಲಾ ನದಿಯ ಪಾಠವನ್ನು ಹೇಳಬೇಕಾಗಿದೆಯೆನ್ನೋಣ. ಮೊದಲನೆಯ ಸ್ಲೈಡಿನಲ್ಲಿ ನಕ್ಷೆಯೊಂದೇ ಇರಲಿ: ವಯನಾಡಿನಲ್ಲಿ ಹುಟ್ಟಿದ ಹೊಳೆಯು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುವ ದಾರಿ. ಎರಡನೆಯದರಲ್ಲಿ ಬೀಚನಹಳ್ಳಿಯ ಅಣೆಕಟ್ಟು. ಅದರ ಕೆಳಗೆ ‘1974’ ಎಂಬ ಇಸವಿ ಮಾತ್ರ. ಮೂರನೆಯದರಲ್ಲಿ ಬರಿಯ ನೀರು. ಆ ನೀರಿನಲ್ಲಿ ಮುಳುಗಿದ ಹಳ್ಳಿಗಳ ಸಂಗತಿಯನ್ನು ಉಪಾಧ್ಯಾಯಿನಿಯು ಬಾಯಿಂದಲೇ ಹೇಳಬೇಕು. ಕೇಳುವ ಹುಡುಗಿಯರಲ್ಲಿ ಯಾವಳೋ ಒಬ್ಬಳ ಅಜ್ಜಿಯು ಅಲ್ಲಿಂದ ಎದ್ದು ಬಂದವಳಾಗಿರಬಹುದು. ಪರದೆಯ ತುಂಬ ಬರಹವಿದ್ದರೆ ಆಕೆಯು ಅದನ್ನು ನಕಲು ಮಾಡಿಕೊಳ್ಳುವಳೇ ಹೊರತು ತನ್ನ ಮನೆಯ ಮಾತನ್ನು ಹೇಳಳು.

ಆದುದರಿಂದ ಒಂದು ಸ್ಲೈಡಿಗೆ ಒಂದೇ ವಿಷಯವಿರಲಿ. ಅಕ್ಷರಗಳು ಕೆಲವೇ ಇದ್ದು ದೊಡ್ಡವಾಗಿರಲಿ. ಪಾಠಕ್ಕೆ ಮುನ್ನ ಉಪಾಧ್ಯಾಯಿನಿಯು ಕಡೆಯ ಬೆಂಚಿನಲ್ಲಿ ತಾನೇ ಕುಳಿತು ಓದಿ ನೋಡಲಿ. ಪ್ರಶ್ನೆ ಕೇಳುವಾಗ ಪರದೆಯನ್ನು ಬರಿದು ಮಾಡಲಿ. ಆಗ ಕಣ್ಣುಗಳೆಲ್ಲವೂ ಉತ್ತರ ಹೇಳುವವಳ ಕಡೆಗೆ ತಿರುಗುವುವು.