ಪೈಥಾನ್ ಹೊಸದಾದಾಗ ಹಳೆಯ ಪ್ಯಾಕೇಜುಗಳ ಗತಿ

ಅಕ್ಕಲಕೋಟ, ಸೊಲ್ಲಾಪುರಗಳ ಕಾಲೇಜು ಸೇರುವ ತಡವಳ ಭಾಗದ ಕನ್ನಡ ಮಾಧ್ಯಮದ ಮಕ್ಕಳಿಗೆ ಪೈಥಾನ್ ಈಗ ಅಪರಿಚಿತ ಹೆಸರಲ್ಲ. ಮನೆಯ ಒಂದೇ ಕಂಪ್ಯೂಟರಿನಲ್ಲಿ ಅಣ್ಣನ ಪ್ರಾಜೆಕ್ಟೂ ತಂಗಿಯ ಅಭ್ಯಾಸವೂ ನಡೆಯಬೇಕು. ಹೊಸ ಆವೃತ್ತಿ ಬಂದಿತೆಂದು ಒಬ್ಬರು ಹಳೆಯದನ್ನು ಅಳಿಸಿದರೆ, ಪ್ರಾಯೋಗಿಕ ಪರೀಕ್ಷೆಯ ಮುನ್ನಾದಿನ ಇನ್ನೊಬ್ಬರ ಪ್ರೋಗ್ರಾಂ ‘ಮಾಡ್ಯೂಲ್ ನಾಟ್ ಫೌಂಡ್’ ಎಂದು ನಿಂತುಬಿಡುತ್ತದೆ.

ದೋಷ ಪ್ರೋಗ್ರಾಮಿನದಲ್ಲ. ನಂತರ ಸೇರಿಸಿಕೊಂಡ ನಮ್‌ಪೈ, ಪಾಂಡಾಸ್ ಮೊದಲಾದ ಪ್ಯಾಕೇಜುಗಳು ಆಯಾ ಆವೃತ್ತಿಯ ಫೋಲ್ಡರಿನಲ್ಲಿ ಇರುತ್ತವೆ. 3.11ರ ಫೋಲ್ಡರನ್ನು 3.12 ನೋಡುವುದೇ ಇಲ್ಲ. ನಕಲು ಮಾಡಿ ಹಾಕಿದರೂ ಸಾಲದು; ನಮ್‌ಪೈಯ ಕೆಲ ಭಾಗಗಳು ನಿರ್ದಿಷ್ಟ ಆವೃತ್ತಿಗೆಂದೇ ಸಿ ಭಾಷೆಯಿಂದ ಸಿದ್ಧಗೊಂಡಿರುತ್ತವೆ. 3.12.1ರಿಂದ 3.12.4ಕ್ಕೆ ಹೋಗುವಂಥ ಸಣ್ಣ ಪರಿಷ್ಕರಣೆಯಲ್ಲಿ ಈ ತೊಡಕಿಲ್ಲ.

ಇಲ್ಲಿ ಶಾಸನಕಾರರ ಜಾಣ್ಮೆ ಅನುಕರಣೀಯ. 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಾಗ ಕೊಲೆಗೆ ಶಿಕ್ಷೆ ವಿಧಿಸುವ 302ನೆಯ ಕಲಮು 103 ಆಯಿತು. ಆದರೆ ಅದಕ್ಕೂ ಮೊದಲು ನಡೆದ ಅಪರಾಧಕ್ಕೆ ಹಳೆಯ ದಂಡ ಸಂಹಿತೆಯೇ ಅನ್ವಯ. ನ್ಯಾಯಾಲಯಗಳಲ್ಲಿ ಎರಡೂ ಜೊತೆಯಾಗಿ ನಡೆಯುತ್ತಿವೆ. ಹೊಸ ಪೈಥಾನನ್ನೂ ಹಳೆಯದರ ಪಕ್ಕದಲ್ಲೇ ಸ್ಥಾಪಿಸಬಹುದು.

ಅದಕ್ಕೂ ಮೊದಲು ‘ಪಿಪ್ ಫ್ರೀಜ್’ ಆದೇಶದಿಂದ ಪ್ಯಾಕೇಜುಗಳ ಹೆಸರು, ಆವೃತ್ತಿಗಳ ಪಟ್ಟಿಯನ್ನು ಒಂದು ಫೈಲಿನಲ್ಲಿ ಉಳಿಸಿಕೊಳ್ಳಬೇಕು. ಬಳಿಕ ಹೊಸ ಪೈಥಾನ್‌ನಲ್ಲಿ ಆ ಪ್ರಾಜೆಕ್ಟಿಗೆಂದೇ ಪ್ರತ್ಯೇಕ ‘ವರ್ಚುವಲ್ ಎನ್‌ವಿರಾನ್‌ಮೆಂಟ್’ ರಚಿಸಿ, ಅದರೊಳಗೆ ಪಟ್ಟಿಯಂತೆ ಪ್ಯಾಕೇಜುಗಳನ್ನು ಮತ್ತೆ ತರಿಸಿಕೊಳ್ಳಬೇಕು. ಕೆಲವು ಬಾರದೆ ಹೋಗಬಹುದು. 2023ರ ಅಕ್ಟೋಬರಿನಲ್ಲಿ ಬಂದ 3.12 ‘ಡಿಸ್ಟ್‌ಯುಟಿಲ್ಸ್’ ಎಂಬ ಹಳೆಯ ಅಂಗವನ್ನು ಕೈಬಿಟ್ಟಾಗ ಅದನ್ನು ನೆಚ್ಚಿದ್ದ ಹಲವು ಪ್ಯಾಕೇಜುಗಳು ಮುಗ್ಗರಿಸಿದವು. ಅಂಥವುಗಳ ನವೀನ ಆವೃತ್ತಿಯನ್ನು ಹುಡುಕಬೇಕು. ಎಲ್ಲವೂ ಸರಿಯಾಗಿ ನಡೆಯುವವರೆಗೆ ಹಳೆಯ ಪೈಥಾನನ್ನು ಅಳಿಸಬಾರದು. ಈಗ ಪ್ರತಿ ಅಕ್ಟೋಬರಿಗೊಂದು ಆವೃತ್ತಿ ಬರುತ್ತಿದೆ. ಪರೀಕ್ಷೆ ಮುಗಿಯುವವರೆಗೆ ಮಕ್ಕಳನ್ನು ತಡೆದು ನಿಲ್ಲಿಸುವ ಪಾಲಕರೇ ಜಾಣರು. ಉಬುಂಟುವಿನಲ್ಲಂತೂ ವ್ಯವಸ್ಥೆಯೊಡನೆ ಬಂದ ಪೈಥಾನನ್ನು ತೆಗೆಯಲೇಬಾರದು. ಅದರ ಹಲವು ಸಾಧನಗಳು ಅದನ್ನೇ ಅವಲಂಬಿಸಿವೆ.

ಹಾಗಾದರೆ ಹಳೆಯದರಲ್ಲೇ ಉಳಿಯಬಾರದೇಕೆ? ಕನ್ನಡಿಗರಿಗೆ ಉತ್ತರ ಸಮೀಪದಲ್ಲೇ ಇದೆ. 2020ರ ಜನವರಿ 1ಕ್ಕೆ ಅಧಿಕೃತ ಬೆಂಬಲ ಕಳೆದುಕೊಂಡ ಪೈಥಾನ್ 2, ಯುಟಿಎಫ್-8ರಲ್ಲಿ ಬರೆದ ‘ಕನ್ನಡ’ ಎಂಬ ಸಾಮಾನ್ಯ ಪದದ ಉದ್ದವನ್ನು 15 ಎನ್ನುತ್ತಿತ್ತು. ಅದು ಬೈಟುಗಳ ಲೆಕ್ಕ. ಪೈಥಾನ್ 3 ಅದನ್ನು 5 ಎನ್ನುತ್ತದೆ: ಕ, ನ, ಒತ್ತಕ್ಷರ ಮೂಡಿಸುವ ಚಿಹ್ನೆ, ನ, ಡ. ಶಾಲೆಯಲ್ಲಿ ಕಲಿತಂತೆ ಮೂರಕ್ಷರವೆಂದು ಎಣಿಸಬೇಕಾದರೆ ವಿದ್ಯಾರ್ಥಿ ತಾನೇ ಪ್ರೋಗ್ರಾಂ ಬರೆಯಬೇಕು, ಇಲ್ಲವೇ ಮತ್ತೊಂದು ಪ್ಯಾಕೇಜು ಸೇರಿಸಿಕೊಳ್ಳಬೇಕು.