ಸಂಘದ ಲೆಕ್ಕ ಯಾರ ಮೊಬೈಲಿನಲ್ಲಿ ಉಂಟು?

ಪೀಣ್ಯದ ಎಷ್ಟು ಸಣ್ಣ ವರ್ಕ್‌ಶಾಪಿಗೆ ಹೋದರೂ ಒಳಗಿನ ಕೋಣೆಯಲ್ಲಿ ಒಬ್ಬ ಟ್ಯಾಲಿ ತೆರೆದು ಕೂತಿರುತ್ತಾನೆ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಕಂಪೆನಿಗಳಲ್ಲಿ ನಮ್ಮ ಮಕ್ಕಳು ಅಮೆರಿಕದ ಬ್ಯಾಂಕುಗಳ ಲೆಕ್ಕ ನೋಡಿಕೊಳ್ಳುತ್ತಾರೆ. ಅದೇ ಮಕ್ಕಳು ಸದಸ್ಯರಾಗಿರುವ ಊರ ಸಂಘ, ಜಮಾಅತ್‌ನ ರಿಲೀಫ್ ಕಮಿಟಿ, ರಮಝಾನ್ ಕಿಟ್ ಹಂಚುವ ಗೆಳೆಯರ ಬಳಗದ ಲೆಕ್ಕ ಎಲ್ಲಿ ಉಂಟು ಅಂತ ಕೇಳಿ ನೋಡಿ. ಕಾರ್ಯದರ್ಶಿಯ ಮೊಬೈಲಿನಲ್ಲಿ. ಸ್ವಲ್ಪ ಅವರ ಡೈರಿಯಲ್ಲಿ. ಉಳಿದದ್ದು ವಾಟ್ಸ್ಆ್ಯಪ್ ಗ್ರೂಪಿನಲ್ಲಿ, ಮೇಲೆ ಮೇಲೆ ಎಳೆಯುತ್ತಾ ಹೋದರೆ ಸಿಗುತ್ತದೆ.

ಬೇಕರಿ, ಜ್ಯೂಸ್ ಅಂಗಡಿ, ಹೋಟೆಲ್ ಅಂತ ಬೆಂಗಳೂರಿಗೆ ಬಂದ ನಮ್ಮ ಹಿರಿಯರ ಹಿಂದೆಯೇ ಇಂಜಿನಿಯರ್ ಮಕ್ಕಳು ಬಂದರು. ಸೌಖ್ಯ ರಸ್ತೆಯ ಟೆಕ್ ಪಾರ್ಕ್ ಒಂದಕ್ಕೆ ಬ್ಯಾರೀಸ್ ಎಂಬ ಹೆಸರೇ ಉಂಟು. ಆದರೆ ಹೊರವಲಯದಲ್ಲಿ ಊರಿನ ಹಾಗೆ ಹಳೆಯ ಮೊಹಲ್ಲಾ ಇಲ್ಲ. ಇವತ್ತು ಹೂಡಿಯಲ್ಲಿ ಬಾಡಿಗೆಗೆ ಇದ್ದವರು ಮುಂದಿನ ವರ್ಷ ಸರ್ಜಾಪುರ ರಸ್ತೆಯಲ್ಲಿ. ಯಾರ ಮನೆಯಲ್ಲಿ ಎಂತ ಕಷ್ಟ ಉಂಟು ಅಂತ ಪಕ್ಕದ ಮನೆಯವರಿಗೂ ಗೊತ್ತಿರುವುದಿಲ್ಲ. ಗೊತ್ತಿರುವುದು ಕಾರ್ಯದರ್ಶಿ ಒಬ್ಬರಿಗೆ. ಅವರಿಗೆ ದುಬೈಯಲ್ಲಿ ಕೆಲಸ ಸಿಕ್ಕಿತು ಅಂತಿಟ್ಟುಕೊಳ್ಳಿ, ಅಥವಾ ಮೆಟ್ರೋದಲ್ಲಿ ಫೋನ್ ಹೋಯಿತು. ತಿಂಗಳು ತಿಂಗಳು ಡಯಾಲಿಸಿಸ್‌ಗೆ ಹಣ ಪಡೆಯುತ್ತಿದ್ದವರ ಹೆಸರು, ಇಬ್ಬರು ಯತೀಂ ಮಕ್ಕಳ ಶಾಲೆಯ ಫೀಸಿನ ತಾರೀಖು, ಕೊಡುತ್ತೇನೆ ಅಂತ ಮಾತು ಕೊಟ್ಟವರ ನಂಬರು, ಎಲ್ಲ ಅದರ ಜೊತೆಗೇ ಹೋಯಿತು. ಆ ತಿಂಗಳು ಹಣ ಬಾರದಾಗ ಫೋನ್ ಮಾಡಿ ಕೇಳಲು ನಾಚಿಕೆಪಡುವ ಮನೆಗಳೇ ನಮ್ಮಲ್ಲಿ ಹೆಚ್ಚು.

ಈ ಮಾತೆತ್ತಿದರೆ ಯುವಕರು ಕೂಡಲೇ ಹೇಳುವುದು "ಒಂದು ಆ್ಯಪ್ ಮಾಡಿ ಬಿಡುವ" ಅಂತ. ಅವರ ಉತ್ಸಾಹದ ಬಗ್ಗೆ ನಮಗೆ ಗೌರವವೇ. ಆದರೂ ಹೇಳಬೇಕು: ಹೆಚ್ಚಿನ ಸಂಘಗಳಿಗೆ ಆ್ಯಪ್ ಬೇಡ ಮಾರಾಯ್ರೆ. ಆ್ಯಪ್ ಮಾಡುವುದು ಮದುವೆ ಊಟದ ಹಾಗೆ, ಒಂದು ದಿನದ ಗೌಜಿ. ಅದನ್ನು ಸಾಕುವುದು ಸಂಸಾರ. ಗೂಗಲ್ ಪ್ಲೇ ಸ್ಟೋರ್ ಪ್ರತಿ ವರ್ಷ ಆ್ಯಪ್‌ಗಳನ್ನು ಹೊಸ ಆಂಡ್ರಾಯ್ಡ್‌ಗೆ ತಕ್ಕಂತೆ ತಿದ್ದಬೇಕು ಎನ್ನುತ್ತದೆ. ತಿದ್ದದೆ ಬಿಟ್ಟರೆ ಹೊಸ ಫೋನಿನವರಿಗೆ ಅದು ಸ್ಟೋರಿನಲ್ಲಿ ಕಾಣುವುದೇ ಇಲ್ಲ. ಮಾಡಿದ ಹುಡುಗ ಅಷ್ಟರಲ್ಲಿ ಕೆನಡಾದಲ್ಲಿರುತ್ತಾನೆ. ಕಾರ್ಯದರ್ಶಿ ಪುನಃ ಡೈರಿಗೆ ಬರುತ್ತಾರೆ, ಮತ್ತು "ಈ ಕಂಪ್ಯೂಟರ್ ಎಲ್ಲ ನಮಗೆ ಆಗುವುದಿಲ್ಲ" ಎಂಬ ತೀರ್ಮಾನಕ್ಕೂ ಬರುತ್ತಾರೆ.

ಆ್ಯಪ್‌ಗಿಂತ ಮೊದಲು ನೋಡಬೇಕಾದದ್ದು ಬಾಗಿಲಲ್ಲಿ ಅಂಟಿಸಿದ ಕ್ಯೂಆರ್ ಸ್ಟಿಕ್ಕರ್. ಯುಪಿಐ ಬಂದದ್ದು 2016ರಲ್ಲಿ. ಈಗ ಜುಮಾದ ದಿನ ಡಬ್ಬಿಗೆ ಬೀಳುವ ನೋಟಿಗಿಂತ ಮೊಬೈಲಿನಿಂದ ಬರುವ ಹಣವೇ ಹೆಚ್ಚಾದ ಕಡೆಗಳಿವೆ. ಪ್ರಶ್ನೆ ಇಷ್ಟೇ: ಸ್ಕ್ಯಾನ್ ಮಾಡಿದಾಗ ಯಾರ ಹೆಸರು ಬರುತ್ತದೆ? ಸಂಘದ ಹೆಸರು ಬಂದರೆ ಸರಿ. ಖಜಾಂಚಿಯವರ ಸ್ವಂತ ಹೆಸರು ಬಂದರೆ ಅದು ಅವರ ಖಾತೆಯ ಹಣ. ಅವರ ಮೇಲೆ ನಮಗೆ ಎಷ್ಟೇ ನಂಬಿಕೆ ಇರಲಿ, ಬ್ಯಾಂಕಿನ ಕಣ್ಣಿಗೆ, ಆದಾಯ ತೆರಿಗೆಯವರ ಕಣ್ಣಿಗೆ ಅದು ಅವರದೇ. ನಾಳೆ ಅವರು ತೀರಿಕೊಂಡರೆ ವಾರಸುದಾರರದ್ದು.

2025ರ ಜುಲೈಯನ್ನು ಬೇಕರಿಯವರು ಯಾರೂ ಮರೆತಿಲ್ಲ. ಯುಪಿಐ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ಅಂಗಡಿಗಳಿಗೆ ನೋಟಿಸ್ ಕೊಟ್ಟಾಗ ಬೆಂಗಳೂರಿನ ಎಷ್ಟೋ ಕಡೆ ಕ್ಯೂಆರ್ ಮಾಯವಾಗಿ "ಕ್ಯಾಶ್ ಮಾತ್ರ" ಎಂಬ ಬೋರ್ಡ್ ಬಂತು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ವಹಿವಾಟು ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು ಎಂಬುದು ನಿಯಮ. ಕಡೆಗೆ ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳನ್ನು ಕರೆದು ಮಾತಾಡಿದರು, ನೋಂದಣಿ ಮಾಡಿಕೊಂಡವರಿಂದ ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ ಎಂದರು. ಆ ಗಲಾಟೆಯಲ್ಲಿ ಒಂದು ಮಾತು ಯಾರೂ ಎತ್ತಲಿಲ್ಲ. ಅಂಗಡಿಯ ಮಾಲಕರೇ ಸಂಘದ ಖಜಾಂಚಿ, ಅಂಗಡಿಯ ಕ್ಯೂಆರ್‌ಗೇ ಸಂಘದ ಸದಕ ಬರುತ್ತಿದ್ದರೆ, ಇದು ಟೀ ಮಾರಿದ್ದು, ಇದು ಬಡವರದ್ದು ಅಂತ ನಾಲ್ಕು ವರ್ಷದ ನಂತರ ಬಿಡಿಸಿ ತೋರಿಸುವುದು ಯಾರು? ಸಂಘದ ಪಾನ್, ನೋಂದಣಿ ಪತ್ರ, ಕಮಿಟಿಯ ನಿರ್ಣಯ ಹಿಡಿದುಕೊಂಡು ಹೋದರೆ ಬ್ಯಾಂಕೇ ಸಂಘದ ಹೆಸರಿನ ಕ್ಯೂಆರ್ ಕೊಡುತ್ತದೆ. ನೆಟ್ ಬ್ಯಾಂಕಿಂಗ್‌ನಲ್ಲಿ ಒಬ್ಬರು ಬರೆದದ್ದನ್ನು ಇನ್ನೊಬ್ಬರು ಒಪ್ಪಿದ ಮೇಲೆಯೇ ಹಣ ಹೋಗುವ ವ್ಯವಸ್ಥೆಯೂ ಉಂಟು. ಚೆಕ್ಕಿಗೆ ಎರಡು ಸಹಿ ಕೇಳುವವರು ಮೊಬೈಲಿಗೆ ಯಾಕೆ ಒಂದೇ ಬೆರಳು ಸಾಕೆನ್ನುತ್ತೀರಿ?

ಇನ್ನು ರಶೀದಿ. 2,000 ರೂಪಾಯಿಗಿಂತ ಹೆಚ್ಚು ನಗದಾಗಿ ಕೊಟ್ಟ ದೇಣಿಗೆಗೆ 80ಜಿ ರಿಯಾಯಿತಿ ಇಲ್ಲ. 2021–22ರಿಂದ 80ಜಿ ಇರುವ ಸಂಸ್ಥೆ ಪ್ರತಿ ದಾನಿಯ ವಿವರವನ್ನು ವರ್ಷ ಮುಗಿದ ಮೇಲೆ ಮೇ 31ರೊಳಗೆ ಆನ್‌ಲೈನ್‌ನಲ್ಲಿ ಸಲ್ಲಿಸಬೇಕು. ದಾನಿಗೆ ಸಿಗುವ ಪ್ರಮಾಣಪತ್ರವೂ ಅಲ್ಲಿಂದಲೇ ಬರಬೇಕು. ಕೈಯಲ್ಲಿ ಬರೆದ ರಶೀದಿ ಮಾತ್ರ ಇದ್ದರೆ ತೆರಿಗೆಯ ಲೆಕ್ಕಕ್ಕೆ ಸಾಲದು. (2026ರ ಏಪ್ರಿಲಿನಿಂದ ಹೊಸ ಆದಾಯ ತೆರಿಗೆ ಕಾಯ್ದೆ, ಸೆಕ್ಷನ್ ನಂಬರುಗಳೂ ಬೇರೆ, ಆಡಿಟರ್ ಹತ್ತಿರ ಕೇಳಿಕೊಳ್ಳಿ.) ಹೊಸ ತೆರಿಗೆ ಪದ್ಧತಿ ಹಿಡಿದವರಿಗೆ ಈ ರಿಯಾಯಿತಿಯೇ ಇಲ್ಲ, ಹಾಗಾದರೆ ಯಾಕೆ ಈ ಕಿರಿಕಿರಿ ಅಂತ ಕೇಳಬಹುದು. ಯಾಕೆಂದರೆ ದೊಡ್ಡ ಹಣದ ಬಾಗಿಲು ಇದೇ. ಎಲೆಕ್ಟ್ರಾನಿಕ್ ಸಿಟಿಯ ಹಲವು ಕಂಪೆನಿಗಳು ನೌಕರ ಕೊಟ್ಟಷ್ಟೇ ಹಣ ತಾವೂ ಸೇರಿಸಿ ಕೊಡುತ್ತವೆ, ಆದರೆ ದಾಖಲೆ ಸರಿ ಇರುವ ಸಂಸ್ಥೆಗೆ ಮಾತ್ರ. ಕಂಪೆನಿಗಳ ಸಿಎಸ್ಆರ್ ಹಣ ಪಡೆಯಲು 2021ರ ಏಪ್ರಿಲಿನಿಂದ ಸಿಎಸ್ಆರ್–1 ಫಾರ್ಮ್ ತುಂಬಿ ನೋಂದಣಿ ಆಗಲೇಬೇಕು. ಒಂದು ಸೂಕ್ಷ್ಮವೂ ಉಂಟು: ಟ್ರಸ್ಟ್ ಡೀಡಿನಲ್ಲಿ "ಇಂಥ ಸಮುದಾಯದವರಿಗೆ ಮಾತ್ರ" ಅಂತ ಬರೆದಿದ್ದರೆ 80ಜಿ ಸಿಗುವುದು ಕಷ್ಟ. ಕಂಪ್ಯೂಟರ್ ಕೊಳ್ಳುವ ಮೊದಲು ಡೀಡ್ ಓದಿ.

ಗಲ್ಫಿನಿಂದ ಬರುವ ಹಣದ ಬಗ್ಗೆ ಅನಗತ್ಯ ಹೆದರಿಕೆಯೂ ಉಂಟು, ಅನಗತ್ಯ ಧೈರ್ಯವೂ ಉಂಟು. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಸ್ವಂತ ದುಡಿಮೆಯಿಂದ ಬ್ಯಾಂಕ್ ಮೂಲಕ ಕಳಿಸಿದ್ದು ಎಫ್‌ಸಿಆರ್‌ಎ ಪ್ರಕಾರ ವಿದೇಶಿ ದೇಣಿಗೆ ಅಲ್ಲ. ಪಾಸ್‌ಪೋರ್ಟ್ ಬದಲಾಯಿಸಿದವರು ಕೊಟ್ಟರೆ ವಿದೇಶಿ ದೇಣಿಗೆಯೇ, ಅನುಮತಿ ಇಲ್ಲದೆ ಮುಟ್ಟುವ ಹಾಗಿಲ್ಲ. ಆದ್ದರಿಂದ ಕಳಿಸಿದವರು ಯಾರು, ಯಾವ ಪಾಸ್‌ಪೋರ್ಟ್ ಎಂಬ ಒಂದು ಸಾಲು ರಿಜಿಸ್ಟರಿನಲ್ಲಿ ಇರಬೇಕು.

ರಿಜಿಸ್ಟರ್ ಅಂದೆವು. ನಿಜವಾದ ಕೆಲಸ ಇರುವುದು ಅಲ್ಲಿ. ನಮ್ಮ ಪಟ್ಟಿಗಳಲ್ಲಿ ಮುಹಮ್ಮದ್ ಎಷ್ಟು ಜನ! ಒಬ್ಬರು ಮುಹಮ್ಮದ್ ಅಂತ ಬರೆದರೆ ಇನ್ನೊಬ್ಬರು ಮೊಹಮ್ಮದ್, ಮತ್ತೊಬ್ಬರು ಮಹಮ್ಮದ್, ಆಧಾರಿನಲ್ಲಿ ಎಂ.ಡಿ. ಇಬ್ರಾಹಿಂ, ಇಬ್ರಾಹೀಮ್, ಇಬ್ರಾಹಿಮ್ ಒಬ್ಬರೇ ಇರಬಹುದು, ಮೂವರೂ ಇರಬಹುದು. ಊರಿನಲ್ಲಾದರೆ ಮನೆ ಹೆಸರು ಹೇಳಿದರೆ ತೀರಿತು. ಇಲ್ಲಿ ಮನೆ ವರ್ಷಕ್ಕೊಮ್ಮೆ ಬದಲಾಗುತ್ತದೆ. ಹೀಗಾಗಿ ಒಂದೇ ಮನೆಗೆ ಮೂರು ಸಂಘದಿಂದ ಮೂರು ಕಿಟ್ ಹೋಗುತ್ತದೆ. ಮೂರು ಬೀದಿ ಆಚೆ ಸೆಕ್ಯುರಿಟಿ ಕೆಲಸದವನ ಮನೆಗೆ ಒಂದೂ ಇಲ್ಲ. ಅವನ ಹೆಸರು ಯಾರ ಫೋನಿನಲ್ಲೂ ಇಲ್ಲವಲ್ಲ! ಕಿಟ್ ಮೂರು ಪಡೆದವರನ್ನು ಬೈಯುವ ಮೊದಲು ಪಟ್ಟಿ ನೋಡಬೇಕು.

ಇದಕ್ಕೆ ದೊಡ್ಡ ಸಾಫ್ಟ್‌ವೇರ್ ಬೇಡ, ಒಂದು ಸಾಧಾರಣ ಎಕ್ಸೆಲ್ ಹಾಳೆ ಸಾಕು. ಪ್ರತಿ ಮನೆಗೆ ಸಂಘವೇ ಒಂದು ನಂಬರು ಕೊಡುವುದು, ಹೆಸರು ಹೇಗೆ ಬರೆದರೂ ಆ ನಂಬರು ಬದಲಾಗಬಾರದು. ಆ ನಂಬರಿನ ಮುಂದೆ ಫೋನ್, ಮನೆಯಲ್ಲಿ ಎಷ್ಟು ಜನ, ಯಾವ ಸಹಾಯ, ಯಾವ ತಾರೀಖು. ಬಂದ ಹಣಕ್ಕೆ ಬೇರೆ ಹಾಳೆ, ಹೋದ ಹಣಕ್ಕೆ ಬೇರೆ ಹಾಳೆ. ಝಕಾತ್ ಒಂದು ಬಣ್ಣ, ಸದಕ ಇನ್ನೊಂದು. ಝಕಾತ್‌ನ ಹಣ ಹಾಲ್‌ನ ಬಾಡಿಗೆಗೆ ಹೋಯಿತೋ ಅಂತ ಉಸ್ತಾದರು ಕೇಳಿದರೆ ಐದು ನಿಮಿಷದಲ್ಲಿ ತೋರಿಸಬಹುದು. ನೋಂದಾಯಿತ ಸೇವಾ ಸಂಸ್ಥೆಗಳಿಗೆ ಗೂಗಲ್ ತನ್ನ ವರ್ಕ್‌ಸ್ಪೇಸ್ ಉಚಿತವಾಗಿ ಕೊಡುತ್ತದೆ. ಆಗ ಇಮೇಲ್, ಕಡತ ಎಲ್ಲ ಸಂಘದ ಹೆಸರಿನಲ್ಲೇ ಇರುತ್ತದೆ, ಕಾರ್ಯದರ್ಶಿ ಬದಲಾದರೆ ಪಾಸ್‌ವರ್ಡ್ ಬದಲಾಯಿಸಿದರೆ ಸಾಕು. ಹಳೆಯ ಪಟ್ಟಿಗಳನ್ನು ನುಡಿ, ಬರಹದ ಹಳೆಯ ಅಕ್ಷರದಲ್ಲಿ ಟೈಪ್ ಮಾಡಿಸಿದವರು ಅವನ್ನು ಯೂನಿಕೋಡ್‌ಗೆ ಬದಲಾಯಿಸಿಕೊಳ್ಳಬೇಕು. ಇಲ್ಲದಿದ್ದರೆ ಮೊಬೈಲಿನಲ್ಲಿ ತೆರೆದಾಗ ಬರುವುದು ಕನ್ನಡವೂ ಅಲ್ಲ, ಇಂಗ್ಲಿಷೂ ಅಲ್ಲ. ಪರಿವರ್ತಿಸುವ ಸಾಧನ ನೆಟ್‌ನಲ್ಲಿ ಉಚಿತವಾಗಿಯೇ ಉಂಟು.

ಪಟ್ಟಿ ಚೆನ್ನಾಗಿ ಆದಷ್ಟೂ ಅಪಾಯ ಹೆಚ್ಚು, ಅದನ್ನೂ ಹೇಳಬೇಕು. ಸಹಾಯ ಕೇಳಿ ಬಂದವರ ಆಧಾರ್, ಗಂಡನ ಮರಣಪತ್ರ, ಆಸ್ಪತ್ರೆಯ ರಿಪೋರ್ಟ್ ಫೋಟೊ ಹೊಡೆದು 250 ಜನರ ಗ್ರೂಪಿಗೆ ಹಾಕುವ ಅಭ್ಯಾಸ ನಮ್ಮದು. ಕಿಟ್ ಕೊಡುವಾಗ ಆರು ಜನ ಗಂಡಸರು, ಮಧ್ಯದಲ್ಲಿ ತಲೆ ತಗ್ಗಿಸಿದ ಒಬ್ಬ ಹೆಂಗಸು. ಗುಟ್ಟಾಗಿ ಕೊಡುವ ದಾನಕ್ಕೆ ಹೆಚ್ಚಿನ ಬೆಲೆ ಅಂತ ಕೇಳಿಕೊಂಡೇ ಬೆಳೆದವರು ನಾವು! ಆ ಫೋಟೊ ಅವರ ಮಗಳ ಮದುವೆ ಮಾತುಕತೆಯ ಹೊತ್ತಿಗೆ ಯಾರದೋ ಫೋನಿನಲ್ಲಿ ಎದ್ದು ಬರಬಹುದು. ಸರಕಾರ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮಾಡಿತು, 2025ರ ನವೆಂಬರಿನಲ್ಲಿ ಅದರ ನಿಯಮಗಳು ಬಂದವು, ಹಂತ ಹಂತವಾಗಿ ಜಾರಿಗೆ ಬರುತ್ತವೆ. ಒಪ್ಪಿಗೆ ಪಡೆಯಬೇಕು, ಯಾವ ಕೆಲಸಕ್ಕೆ ಪಡೆದದ್ದೋ ಅದಕ್ಕೇ ಬಳಸಬೇಕು ಎಂಬುದು ಅದರ ತಿರುಳು. ದಾನಿಗೆ ಲೆಕ್ಕ ತೋರಿಸಲು ಮನೆಯ ನಂಬರು ಸಾಕು, ಮುಖ ಬೇಡ.

ತಂತ್ರಜ್ಞಾನ ನಿಜವಾಗಿ ಉಪಯೋಗಕ್ಕೆ ಬಿದ್ದ ಕಡೆ ನೋಡಿದರೆ ಕೆಲಸ ಮೊದಲು, ಸಾಧನ ಆಮೇಲೆ. ಮಂಗಳೂರಿನ ಎಂ.ಫ್ರೆಂಡ್ಸ್ ಹುಟ್ಟಿದ್ದು ವಾಟ್ಸ್ಆ್ಯಪ್ ಗ್ರೂಪಾಗಿಯೇ. ಆದರೆ ಗ್ರೂಪಿನಲ್ಲೇ ನಿಲ್ಲಲಿಲ್ಲ, ಟ್ರಸ್ಟ್ ಆಯಿತು, ವೆನ್ಲಾಕ್ ಆಸ್ಪತ್ರೆಯಲ್ಲಿ ರೋಗಿಗಳ ಜೊತೆ ನಿಂತವರಿಗೆ ರಾತ್ರಿಯೂಟ ಕೊಡುವ 'ಕಾರುಣ್ಯ' ನಡೆಸಿತು. ಕೋವಿಡ್ ಹೊತ್ತಿನಲ್ಲಿ ಬೆಂಗಳೂರಿನ 20ಕ್ಕೂ ಹೆಚ್ಚು ಸಂಘಟನೆಗಳು ಮರ್ಸಿ ಮಿಷನ್ ಎಂಬ ಒಂದೇ ಹೆಸರಿನಡಿ ಸೇರಿದವು. ಒಂದು ಸಹಾಯವಾಣಿ, ಹಿಂದೆ ನೂರಾರು ಸ್ವಯಂಸೇವಕರು. ಯಾವ ಧರ್ಮದ ಮೃತದೇಹವಾದರೂ ಅಂತ್ಯಸಂಸ್ಕಾರಕ್ಕೆ ಅವರು ಹೆಗಲು ಕೊಟ್ಟರು. ನಮ್ಮ ಸಂಘಗಳು ಪಟ್ಟಿ ಹಂಚಿಕೊಳ್ಳಲು ಹಿಂಜರಿಯುವಾಗೆಲ್ಲ ಇದು ನೆನಪಾಗುತ್ತದೆ.

ಬೆಂಗಳೂರಿನ ಸಮನ್ವಯ ಫೌಂಡೇಶನ್ ಮಾಡಿದ 'ಅವ್ನಿ' ಎಂಬ ಮುಕ್ತ ತಂತ್ರಾಂಶ ಇನ್ನೊಂದು ರೀತಿ. ಆರೋಗ್ಯ ಕಾರ್ಯಕರ್ತೆ ನೆಟ್ ಇಲ್ಲದ ಹಳ್ಳಿಯಲ್ಲೂ ಫೋನಿನಲ್ಲಿ ಬರೆದುಕೊಳ್ಳಬಹುದು, ನೆಟ್ ಸಿಕ್ಕಾಗ ಅದು ತಾನೇ ಕೇಂದ್ರಕ್ಕೆ ಹೋಗುತ್ತದೆ. ಸಂಸ್ಥೆಗಳು ವಾಟ್ಸ್ಆ್ಯಪ್‌ನಲ್ಲೇ ಸಾವಿರಾರು ಜನರೊಂದಿಗೆ ಮಾತಾಡಲು ಪ್ರಾಜೆಕ್ಟ್ ಟೆಕ್4ಡೆವ್ ಮಾಡಿದ 'ಗ್ಲಿಫಿಕ್' ಉಂಟು. ದೊಡ್ಡ ಯತೀಂಖಾನ, ಆಸ್ಪತ್ರೆ ನಡೆಸುವವರಿಗೆ ಇಂಥವು ಬೇಕಾಗಬಹುದು. ಇನ್ನೂರು ಮನೆಯ ಕಮಿಟಿಗೆ ಬೇಡ.

ಗಡುವು ಬಂದ ಮೇಲೆ ಎದ್ದರೆ ಏನಾಗುತ್ತದೆ ಎಂಬುದನ್ನು ವಕ್ಫ್ ವಿಷಯದಲ್ಲಿ ಕಂಡಿದ್ದೇವೆ. ಕಾಯ್ದೆಯ ತಕರಾರು ಕೋರ್ಟಿನಲ್ಲಿ ಉಂಟು, ಅದು ಬೇರೆ ಮಾತು. 2025ರ ಜೂನ್ 6ರಂದು 'ಉಮೀದ್' ಪೋರ್ಟಲ್ ತೆರೆದರು, ಪ್ರತಿ ಆಸ್ತಿಯ ದಾಖಲೆ, ಅಳತೆ, ನಕ್ಷೆಯ ಗುರುತು ಸೇರಿಸಲು 6 ತಿಂಗಳು ಕೊಟ್ಟರು. ಡಿಸೆಂಬರ್ 1ರಂದು ಸುಪ್ರೀಂ ಕೋರ್ಟ್ ಗಡುವು ವಿಸ್ತರಿಸಲು ಒಪ್ಪಲಿಲ್ಲ, ಬೇಕಾದವರು ಟ್ರಿಬ್ಯೂನಲ್‌ಗೆ ಹೋಗಿ ಎಂದಿತು. ಕಪಾಟಿನಲ್ಲಿ ಹಳದಿಯಾದ ಕಾಗದ ಹಿಡಿದು ಕೂತ ಹಿರಿಯರಿಗೆ ಆಗ ಬೇಕಾಗಿದ್ದದ್ದು ಸ್ಕ್ಯಾನ್ ಮಾಡಿ, ಫಾರ್ಮ್ ತುಂಬಿ, ಪಕ್ಕದಲ್ಲಿ ಕೂರುವ ಒಬ್ಬ ಹುಡುಗ. ಆ ಕಾಗದವೆಲ್ಲ ಮೊದಲೇ ಸ್ಕ್ಯಾನ್ ಆಗಿದ್ದ ಕಡೆ ಕೆಲಸ ಅರ್ಧ ಮುಗಿದ ಹಾಗೆಯೇ.

ಹಾಗಾದರೆ ಈ ಕೆಲಸಕ್ಕೆ ಯಾರು? ಸಾಫ್ಟ್‌ವೇರ್ ಇಂಜಿನಿಯರಿಗಿಂತ ಪೀಣ್ಯದ ಅಕೌಂಟೆಂಟ್ ಮೊದಲು ಎಂಬುದು ನಮ್ಮ ಅಭಿಪ್ರಾಯ. ವೋಚರ್ ಇಲ್ಲದೆ ಒಂದು ರೂಪಾಯಿಯನ್ನೂ ಬರೆಯದ ಶಿಸ್ತು ಅವನಿಗೆ ಅಭ್ಯಾಸ. ಟ್ಯಾಲಿಯೂ ಬೆಂಗಳೂರಿನದ್ದೇ. ಆಮೇಲೆ, ಬಿ.ಇ., ಬಿ.ಕಾಂ. ಮುಗಿಸಿ ಮಕ್ಕಳು ಸಣ್ಣವರೆಂದು ಕೆಲಸ ಬಿಟ್ಟು ಮನೆಯಲ್ಲಿರುವ ನಮ್ಮ ಹೆಣ್ಣುಮಕ್ಕಳು. ವೈಟ್‌ಫೀಲ್ಡಿನ ಪ್ರತಿ ಅಪಾರ್ಟ್‌ಮೆಂಟಿನಲ್ಲೂ ಒಬ್ಬಿಬ್ಬರು ಸಿಕ್ಕಾರು. ಪಟ್ಟಿ ನೋಡಿಕೊಳ್ಳುವುದು ಮನೆಯಿಂದಲೇ ಆಗುವ ಕೆಲಸ, ಮತ್ತು ಸಹಾಯ ಪಡೆಯುವ ಹೆಂಗಸರು ತಮ್ಮ ಕಷ್ಟವನ್ನು ಇನ್ನೊಬ್ಬ ಹೆಂಗಸಿನ ಹತ್ತಿರ ಹೇಳಿಕೊಳ್ಳುವಷ್ಟು ಕಮಿಟಿಯ ಮುಂದೆ ಹೇಳಿಕೊಳ್ಳುವುದಿಲ್ಲ. ಇಂಜಿನಿಯರ್ ಹುಡುಗರು ತಿಂಗಳಿಗೆ ಒಂದು ಭಾನುವಾರ ಬೆಳಗ್ಗೆ ಎರಡು ಗಂಟೆ ಬಂದರೆ ಸಾಕು, ಆದರೆ ಒಂದು ವರ್ಷ ಬಿಡದೆ ಬರಬೇಕು. ಮೊದಲ ಎರಡು ಸಲ ಲ್ಯಾಪ್‌ಟಾಪ್ ತೆರೆಯದೆ ಹಾಜಿಯವರು ಹೇಳುವುದನ್ನು ಕೇಳಿಸಿಕೊಳ್ಳಲಿ. ಯಾರಿಗೆ ಕೊಟ್ಟರು, ಯಾರಿಗೆ ಯಾಕೆ ನಿಲ್ಲಿಸಿದರು ಎಂಬುದು ಅವರ ತಲೆಯಲ್ಲಿ ಮಾತ್ರ ಉಂಟು.

ಕಮಿಟಿಯವರು ರಮಝಾನ್ ಬರುವ ತನಕ ಕಾಯಬೇಡಿ, ಆಗ ಯಾರಿಗೂ ಪುರುಸೊತ್ತು ಇರುವುದಿಲ್ಲ. ಶಅಬಾನ್‌ನ ಮೊದಲ ವಾರದಲ್ಲಿ ಹಳೆಯ ಪಟ್ಟಿ ಹಿಡಿದು ಪ್ರತಿ ನಂಬರಿಗೂ ಒಂದು ಕರೆ ಮಾಡಿ. ಯಾರು ಮನೆ ಬದಲಾಯಿಸಿದ್ದಾರೆ, ಯಾರಿಗೆ ಈಗ ಕೆಲಸ ಸಿಕ್ಕಿ ಸಹಾಯ ಬೇಡವಾಗಿದೆ, ಯಾರು ಹೊಸದಾಗಿ ಬಂದಿದ್ದಾರೆ ಎಂಬುದನ್ನು ಬರೆದುಕೊಳ್ಳಿ. ಬ್ಯಾಂಕಿನ ಕೆಲಸಕ್ಕೆ ಅಧ್ಯಕ್ಷರು, ಖಜಾಂಚಿ ಇಬ್ಬರೂ ಒಟ್ಟಿಗೆ ಹೋಗಿ, ಮೂಲ ಡೀಡಿನ ಜೊತೆ ಎರಡು ಜೆರಾಕ್ಸ್ ಇರಲಿ. ಬರುವಾಗ ಬಾಗಿಲಿನ ಹಳೆಯ ಸ್ಟಿಕ್ಕರ್ ಕಿತ್ತು ಹಾಕಿ ಹೊಸತು ಅಂಟಿಸಿ, ಹತ್ತು ರೂಪಾಯಿ ಕಳಿಸಿ ಯಾರ ಹೆಸರು ಬರುತ್ತದೆ ಅಂತ ನೋಡಿ.