ಬೋರು ಮಾಡಿಸಿದ ಎಂಜಿನು ವೇಗದಲ್ಲಿ ಸೊರಗುವುದೇಕೆ?

ಗಂಗಾವತಿಯಿಂದ ಕನಕಗಿರಿಯ ಮಾರ್ಗವಾಗಿ ಕುಷ್ಟಗಿಗೆ ಹೋಗುವ ರಸ್ತೆಯಲ್ಲಿ ಅಕ್ಕಿಯ ಮೂಟೆಗಳನ್ನು ಹೇರಿಕೊಂಡ ಲಾರಿಯೊಂದನ್ನು ಹಿಂದಿಕ್ಕಬೇಕಾಗಿದೆಯೆಂದು ಭಾವಿಸೋಣ. ನಾವು ಕುಳಿತಿರುವುದು ಹಳೆಯ ಪ್ರೀಮಿಯರ್ ಪದ್ಮಿನಿ ಕಾರಿನಲ್ಲಿ. ಅದರ ಎಂಜಿನನ್ನು ಬಿಚ್ಚಿ, ಬೋರು ಮಾಡಿಸಿ, ಹೊಸ ಪಿಸ್ಟನ್ನುಗಳನ್ನೂ ಉಂಗುರಗಳನ್ನೂ ತೊಡಿಸಿ ಈಚೆಗೆ ಮರುಜೋಡಿಸಲಾಗಿದೆ. ಊರೊಳಗೆ ಅದು ಸೊಗಸಾಗಿ ಓಡುತ್ತದೆ. ಆದರೆ ಲಾರಿಯ ಪಕ್ಕಕ್ಕೆ ಬಂದು ವೇಗವರ್ಧಕವನ್ನು ಪೂರ್ತಿ ಒತ್ತಿದಾಗ ಎಂಜಿನು ಉಸಿರು ಕಟ್ಟಿದಂತೆ ಸೊರಗುತ್ತದೆ. ಎದುರಿನಿಂದ ಬಸ್ಸು ಬರುತ್ತಿದ್ದರೆ ಇದು ಕೇವಲ ಹಣದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಗಾಡಿಯ ಒಡೆಯನು ಉಂಗುರಗಳನ್ನೇ ಶಂಕಿಸಿ, ಎಂಜಿನನ್ನು ಪುನಃ ಬಿಚ್ಚಿಸಲು ಹೊರಡುವುದುಂಟು. ಅದಕ್ಕೆ ಮೊದಲು ಸ್ವಲ್ಪ ಲೆಕ್ಕ ಹಾಕುವುದು ಲೇಸು.

ನಿಮಿಷಕ್ಕೆ 1500 ಸುತ್ತು ತಿರುಗುವ ಎಂಜಿನಿನಲ್ಲಿ ಪಿಸ್ಟನ್ನಿನ ಒಂದು ಹೊಡೆತಕ್ಕೆ, ಎಂದರೆ ಅರ್ಧ ಸುತ್ತಿಗೆ, ದೊರೆಯುವ ಕಾಲ 20 ಮಿಲಿಸೆಕೆಂಡು. 5000 ಸುತ್ತುಗಳಲ್ಲಿ ಅದು ಕೇವಲ 6 ಮಿಲಿಸೆಕೆಂಡಿಗೆ ಇಳಿಯುತ್ತದೆ. ಗಾಳಿ ಒಳಬರುವುದು, ಕಿಡಿ ಹಾರುವುದು, ಹೊಗೆ ಹೊರಹೋಗುವುದು ಎಲ್ಲವೂ ಇಷ್ಟರೊಳಗೆ ಮುಗಿಯಬೇಕು. ನಿಧಾನದಲ್ಲಿ ಸಾಕಾದದ್ದು ವೇಗದಲ್ಲಿ ಸಾಲದೆ ಹೋಗುವುದು ಹೀಗೆ. ಇಲ್ಲೊಂದು ಸ್ವಾರಸ್ಯವಿದೆ: ಉಂಗುರಗಳ ಸಂದಿನಲ್ಲಿ ಅನಿಲವು ಸೋರುವುದಕ್ಕೂ ಕಾಲ ಬೇಕಷ್ಟೆ! ಆದುದರಿಂದ ಸೋರಿಕೆಯ ಹಾನಿಯು ನಿಧಾನಗತಿಯಲ್ಲಿಯೇ ಹೆಚ್ಚು. ನಿಧಾನದಲ್ಲಿ ಬಲವಾಗಿ ಎಳೆದು ವೇಗದಲ್ಲಿ ಮಾತ್ರ ಸೊರಗುವ ಎಂಜಿನಿನಲ್ಲಿ ಉಂಗುರಗಳನ್ನು ದೂರುವುದು ಬಹುಮಟ್ಟಿಗೆ ತಪ್ಪು ಜಾಡು.

ಹಾಗಾದರೆ ಯಾವುದಕ್ಕೆ ಕಾಲ ಸಾಲದಾಯಿತು? ಮೊದಲು ಕಿಡಿಯನ್ನು ನೋಡೋಣ. ಹೊತ್ತಿಕೊಂಡ ಮಿಶ್ರಣವು ಉರಿದು ಒತ್ತಡ ಏರಲು ಕಾಲ ಹಿಡಿಯುತ್ತದೆ. 1000 ಸುತ್ತುಗಳಲ್ಲಿ ಒಂದು ಮಿಲಿಸೆಕೆಂಡಿಗೆ ಕ್ರ್ಯಾಂಕು 6 ಡಿಗ್ರಿ ತಿರುಗಿದರೆ, 5000 ಸುತ್ತುಗಳಲ್ಲಿ 30 ಡಿಗ್ರಿ ತಿರುಗಿಬಿಡುತ್ತದೆ. ವೇಗದೊಡನೆ ಸಿಲಿಂಡರಿನಲ್ಲಿ ಸುಳಿಗಳು ಹೆಚ್ಚಿ ಉರಿಯೂ ಚುರುಕಾಗುವುದು ನಿಜ; ಆದರೂ ಕಿಡಿಯನ್ನು ಮುಂಚಿತವಾಗಿ ಹಾರಿಸಲೇಬೇಕು. ಹಳೆಯ ಗಾಡಿಗಳಲ್ಲಿ ಈ ಕೆಲಸವನ್ನು ಡಿಸ್ಟ್ರಿಬ್ಯೂಟರಿನೊಳಗಿನ ಎರಡು ಪುಟ್ಟ ತೂಕಗಳು ಮಾಡುತ್ತವೆ. ವೇಗವೇರಿದಂತೆ ಅವು ಸ್ಪ್ರಿಂಗುಗಳನ್ನು ಎಳೆದುಕೊಂಡು ಹೊರಕ್ಕೆ ಸರಿಯುತ್ತವೆ. ದುರಸ್ತಿಯ ಕಾಲದಲ್ಲಿ ತಿಂಗಳುಗಟ್ಟಲೆ ಮೂಲೆಯಲ್ಲಿದ್ದು ತುಕ್ಕು ಹಿಡಿದರೆ ಅವು ಅಲುಗುವುದಿಲ್ಲ. ಇದನ್ನು ಕಂಡುಹಿಡಿಯಲು ಯಾವುದನ್ನೂ ಬಿಚ್ಚಬೇಕಾಗಿಲ್ಲ. ಕಿಡಿಯೊಡನೆ ಮಿನುಗುವ ಟೈಮಿಂಗ್ ದೀಪವನ್ನು ತಿರುಗುವ ಕಪ್ಪಿಯ ಮೇಲೆ ಹಿಡಿದರೆ ಅದರ ಗುರುತು ನಿಂತಂತೆ ಕಾಣುತ್ತದೆ. ಕಾಲೇಜಿನ ಪ್ರಯೋಗಶಾಲೆಯ ಸ್ಟ್ರೋಬೋಸ್ಕೋಪಿನ ತತ್ತ್ವವೇ ಇದು. ವೇಗ ಹೆಚ್ಚಿಸಿದಾಗ ಗುರುತು ಸರಿಯಬೇಕು. ಸರಿಯದಿದ್ದರೆ ಕಳ್ಳನು ಸಿಕ್ಕಿದಂತೆಯೇ.

ನಾಲ್ಕು ಸಿಲಿಂಡರುಗಳಿಗೆ 5000 ಸುತ್ತುಗಳಲ್ಲಿ ನಿಮಿಷಕ್ಕೆ 10,000 ಕಿಡಿಗಳು ಬೇಕು. ಎರಡು ಕಿಡಿಗಳ ನಡುವಣ 6 ಮಿಲಿಸೆಕೆಂಡುಗಳಲ್ಲಿ ಸಂಪರ್ಕಬಿಂದುಗಳು ಮುಚ್ಚಿರುವ ಅವಧಿಯಲ್ಲಿ ಮಾತ್ರ ಸುರುಳಿಯೊಳಗೆ ವಿದ್ಯುತ್ತು ಬೆಳೆಯಬಲ್ಲದು. ಬಿಂದುಗಳ ಅಂತರವನ್ನು ಅಗಲವಾಗಿ ಇಟ್ಟರೆ ಈ ಅವಧಿ ಕುಗ್ಗಿ ಕಿಡಿ ತಪ್ಪತೊಡಗುತ್ತದೆ.

ಮುಂದಿನದು ಪೆಟ್ರೋಲು. ಪದ್ಮಿನಿಯ ಎಂಜಿನಿನ ಗಾತ್ರ 1089 ಘನ ಸೆಂಟಿಮೀಟರು. ಎರಡು ಸುತ್ತಿಗೊಮ್ಮೆ ಅದು ಇಷ್ಟು ಗಾಳಿಯನ್ನು ಸೆಳೆಯಬೇಕು. ವಾಸ್ತವದಲ್ಲಿ 100ಕ್ಕೆ 80ರಷ್ಟು ಸೆಳೆಯುತ್ತದೆಂದು ಹಿಡಿದರೂ, 5000 ಸುತ್ತುಗಳಲ್ಲಿ ನಿಮಿಷಕ್ಕೆ ಸುಮಾರು ಎರಡೂವರೆ ಕಿಲೋಗ್ರಾಂ ಗಾಳಿಯಾಯಿತು. ಇದರೊಡನೆ ಉರಿಯಲು ಸುಮಾರು ಕಾಲು ಲೀಟರು ಪೆಟ್ರೋಲು ಬೇಕು. ಕಾರ್ಬ್ಯುರೇಟರಿನ ಬಟ್ಟಲಲ್ಲಿ ಸ್ವಲ್ಪ ಪೆಟ್ರೋಲು ನಿಂತಿರುವುದರಿಂದ ಪಂಪಿನ ದೌರ್ಬಲ್ಯವು ಕೂಡಲೆ ಬಯಲಾಗುವುದಿಲ್ಲ. ಕೆಲವು ಸೆಕೆಂಡು ಚೆನ್ನಾಗಿ ಎಳೆದು ಅನಂತರ ಸೊರಗಿದರೆ ಪಂಪು, ಕೊಳವೆ, ಶೋಧಕಗಳ ಕಡೆಗೆ ತಿರುಗಬೇಕು. ಪಂಪಿನ ಧಾರೆಯನ್ನು ಸೀಸೆಯಲ್ಲಿ ಹಿಡಿದು ಗಡಿಯಾರ ನೋಡಿ ಅಳೆಯಬಹುದು. ಕಿಡಿಯ ತಂತಿಯನ್ನು ಕಳಚಿಟ್ಟು, ಬೆಂಕಿಯಿಂದ ದೂರವಿದ್ದು, ಅನುಭವಿಯ ಕೈಯಿಂದ ಮಾಡಿಸಬೇಕಾದ ಪರೀಕ್ಷೆಯಿದು.

ಗಾಳಿಯ ದಾರಿಯನ್ನು ಪರೀಕ್ಷಿಸುವುದು ಇನ್ನೂ ಅಗ್ಗ. ಬೇಸಗೆಯಲ್ಲಿ ಯಲಬುರ್ಗಾ ಸೀಮೆಯ ಹೊಲದಾರಿಗಳಲ್ಲಿ ತಿರುಗಿದ ಗಾಡಿಯ ಶೋಧಕವನ್ನು ಒಮ್ಮೆ ಕೊಡವಿದರೆ ಸಾಕು, ಸಂಗತಿ ಗೊತ್ತಾಗುತ್ತದೆ! ಬಿಚ್ಚಿದಾಗ ಕಸ ಬೀಳದಿರಲೆಂದು ಗಾಳಿಯ ರಂಧ್ರಕ್ಕೆ ತುರುಕಿದ ಬಟ್ಟೆಯ ಚೂರು ಒಳಗೇ ಉಳಿಯುವುದೂ ಉಂಟು. ಶೋಧಕದ ಆಚೆಯ ನಾಳಕ್ಕೆ ನೀರು ತುಂಬಿದ ಯು-ಕೊಳವೆಯನ್ನು ಜೋಡಿಸಿ, ವೇಗದಲ್ಲಿ ನೀರಿನ ಮಟ್ಟಗಳು ಎಷ್ಟು ಬೇರೆಯಾಗುತ್ತವೆಂದು ಹೊಸ ಶೋಧಕದೊಡನೆ ಹೋಲಿಸಿದರೆ ಅಡಚಣೆಯ ಅಳತೆಯೇ ದೊರೆಯುತ್ತದೆ.

ಇವೆಲ್ಲ ಸರಿಯಿದ್ದರೆ ಕವಾಟಗಳ ಸರದಿ. ಕವಾಟವು ಕ್ಯಾಮಿನ ಮೈಗೆ ಅಂಟಿಕೊಂಡು ಚಲಿಸಲು ಬೇಕಾದ ಬಲವು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ: ವೇಗ ಎರಡರಷ್ಟಾದರೆ ಬಲ ನಾಲ್ಕರಷ್ಟು. ಎಂಜಿನನ್ನೆಲ್ಲ ಹೊಸದು ಮಾಡಿ ಹಳೆಯ ಸ್ಪ್ರಿಂಗುಗಳನ್ನೇ ಉಳಿಸಿಕೊಳ್ಳುವ ಉಳಿತಾಯವು ನಮಗೆ ಜಾಣತನವಾಗಿ ಕಾಣುವುದಿಲ್ಲ. ಸೋತ ಸ್ಪ್ರಿಂಗಿನ ಕವಾಟವು ಒಂದು ವೇಗವನ್ನು ಮೀರಿದೊಡನೆ ತೇಲತೊಡಗಿ, ಶಕ್ತಿ ಥಟ್ಟನೆ ಕುಸಿಯುತ್ತದೆ. ಕ್ಯಾಮಿನ ಸರಪಳಿಯನ್ನು ಒಂದು ಹಲ್ಲು ತಪ್ಪಿಸಿ ಕೂರಿಸುವುದು ಇನ್ನೊಂದು ದೋಷ. ಕ್ರ್ಯಾಂಕಿನ ಚಕ್ರದಲ್ಲಿ 20 ಹಲ್ಲುಗಳಿವೆಯೆಂದರೆ ಒಂದು ಹಲ್ಲಿಗೆ 18 ಡಿಗ್ರಿ! ಕ್ಯಾಮು ಹೀಗೆ ಮುಂದಾದರೆ ಒಳಕವಾಟವು ಬೇಗ ಮುಚ್ಚುತ್ತದೆ. ನಿಧಾನದಲ್ಲಿ ಇದು ಅಷ್ಟಾಗಿ ಬಾಧಿಸದು. ವೇಗದಲ್ಲಿ ಮಾತ್ರ ನುಗ್ಗಿ ಬರುತ್ತಿರುವ ಗಾಳಿಯ ಮುಂದೆ ಬಾಗಿಲು ಹಾಕಿದಂತಾಗುತ್ತದೆ. ಚಕ್ರಗಳ ಗುರುತುಗಳನ್ನು ಸರಿಹೊಂದಿಸಿ ನೋಡಿದರೆ ಇದು ಬಯಲಾಗುತ್ತದೆ.

ಇಂದಿನ ಕಾರುಗಳಲ್ಲಿ ಕಾರ್ಬ್ಯುರೇಟರೂ ಇಲ್ಲ, ತೂಕಗಳೂ ಇಲ್ಲ; ಆ ಕೆಲಸಗಳನ್ನು ಗಣಕವೇ ಮಾಡುತ್ತದೆ, ಸ್ಕ್ಯಾನರು ಹಲವು ದೋಷಗಳ ಸುಳಿವನ್ನೂ ಕೊಡುತ್ತದೆ. ಆದರೆ ಹೊಗೆಕೊಳವೆಯಲ್ಲಿ ಹೊಸದೊಂದು ಅಡಚಣೆ ಸೇರಿಕೊಂಡಿದೆ. ಬೋರು ಮಾಡಿಸುವ ಮೊದಲು ವರ್ಷಗಟ್ಟಲೆ ಎಣ್ಣೆಯನ್ನು ಸುಟ್ಟ ಗಾಡಿಯಲ್ಲಿ ಹೊಗೆಶುದ್ಧಿಯ ಜಾಲರಿ ಹಾಳಾಗಿ ಕಟ್ಟಿಕೊಂಡಿರಬಹುದು. ಆಗ ಎಂಜಿನನ್ನು ಸುಮಾರು 2500 ಸುತ್ತುಗಳಲ್ಲಿ ಸ್ಥಿರವಾಗಿ ಓಡಿಸಿ, ಒಳಗಾಳಿಯ ನಾಳಕ್ಕೆ ನಿರ್ವಾತಮಾಪಕವನ್ನು ಜೋಡಿಸಿ ನೋಡಬೇಕು. ಮುಳ್ಳು ನಿಂತಲ್ಲಿ ನಿಲ್ಲದೆ ಮೆಲ್ಲಮೆಲ್ಲನೆ ಇಳಿಯುತ್ತಿದ್ದರೆ ಬಿಚ್ಚಬೇಕಾದದ್ದು ಎಂಜಿನನ್ನಲ್ಲ, ಹೊಗೆಕೊಳವೆಯನ್ನು.